ಚಿಪ್ಪಮ್ಮ ಮತ್ತು ಆಳದ ಹುಳುವಿನ ಮುಚ್ಚಳ

ಸಂಗ್ರಹಾಲಯದ ಶಂಖ ವಿಭಾಗದ ಸಾಹೇಬರು ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮೊದಲ ಬಾರಿಗೆ ಒಂದು ಹೊಸ ಜಾತಿಯ ಶಂಖದ ಹುಳುವನ್ನು ಕಂಡುಹಿಡಿದು, ಅದರ ಶಂಖವನ್ನು ನಿರ್ದೇಶಕರ ಮುಂದೆ ಎತ್ತಿಹಿಡಿದು, ಗಂಟಲು ಸರಿಮಾಡಿಕೊಂಡು, ಸೀನಿದರು. ಶಂಖದ ಬಾಯಲ್ಲಿ ಹತ್ತಿಯ ಮೇಲೆ ಕೂರಿಸಿದ್ದ ಪುಟ್ಟ ಮುಚ್ಚಳ ಹಾರಿ ನಿರ್ದೇಶಕರ ಟೀ ಲೋಟಕ್ಕೆ ಬಿತ್ತು.

ಆ ಮುಚ್ಚಳವೇ ಸಾಹೇಬರ ಬಂಡವಾಳ. ಕಡಲಿನ ಸಾವಿರಾರು ಅಡಿ ಆಳದಲ್ಲಿ ಬೇರೆ ಹುಳುಗಳನ್ನು ಬೇಟೆಯಾಡಿ, ವಿಷ ಚುಚ್ಚಿ, ಇಡಿಯಾಗಿ ನುಂಗಿ ಬದುಕುವ ಈ ಹುಳು, ಅಪಾಯ ಬಂದರೆ ಒಳಗೆ ಸರಿದು ಬಾಗಿಲಿನಂತೆ ಅದನ್ನು ಎಳೆದುಕೊಳ್ಳುತ್ತದೆ. ಅದರ ಬಳಗದವರ ಮುಚ್ಚಳವೆಲ್ಲ ಉದ್ದ, ಇದರದು ದುಂಡಗೆ. ಅಷ್ಟಕ್ಕೇ ಸಾಹೇಬರು ಹದಿನಾಲ್ಕು ಪುಟ ಬರೆದು, ಹುಳುವಿಗೆ ಹೆಂಡತಿಯ ಹೆಸರಿಟ್ಟು, ಮನೆಯಲ್ಲಿ ಹೇಳಿಯೂ ಬಿಟ್ಟಿದ್ದರು. ಮದುವೆಯಾದಂದಿನಿಂದ ಆಕೆ ಗಂಡನ ಕೆಲಸವನ್ನು ಮೆಚ್ಚಿದ್ದು ಅದೊಂದೇ ಸಲ.

ಲೋಟಕ್ಕೆ ಬೆರಳು ಹಾಕಿ ಮುಚ್ಚಳ ತೆಗೆದವಳು ಚಿಪ್ಪಮ್ಮ. ಹತ್ತೊಂಬತ್ತು ವರ್ಷದಿಂದ ಅಲ್ಲಿ ಶಂಖ ತೊಳೆಯುವವಳು. ಒಂದು ಬಕೆಟ್ಟು, ಒಂದು ಸ್ಟೂಲು, ಹಲ್ಲುಜ್ಜಿ ಸವೆದ ಬ್ರಷ್ಷು, ಅಷ್ಟೇ ಅವಳ ಪ್ರಯೋಗಾಲಯ. ಪುಸ್ತಕದ ಹೆಸರುಗಳಿಗೆ ನಾಲಗೆ ಹೊರಳದೆ ಹುಳುಗಳಿಗೆಲ್ಲ ನೆಂಟರ ಹೆಸರಿಟ್ಟಿದ್ದಳು: ಗೂನುಬೆನ್ನಿನದು ಸೋದರತ್ತೆ, ಬಾಯಿ ಅಗಲದ್ದು ನಾದಿನಿ. ಕಣ್ಣುಮುಚ್ಚಿ ಬೆರಳಾಡಿಸಿದರೆ ಸಾಕು, ಯಾವುದೆಂದು ಹೇಳಿಬಿಡುವಳು. ಸಾಹೇಬರಿಗೆ ಅಷ್ಟಕ್ಕೆ ಕನ್ನಡಕ, ಭೂತಗನ್ನಡಿ, ಮೂರು ದಪ್ಪ ಪುಸ್ತಕ ಬೇಕು. ಆಮೇಲೂ ಅನುಮಾನ.

ಚಿಪ್ಪಮ್ಮ ಮುಚ್ಚಳವನ್ನು ಏಪ್ರನ್ನಿಗೆ ಒರೆಸಿ, "ಇದು ಇದರದ್ದಲ್ಲ ಸಾರ್. ನಾದಿನೀದು," ಎಂದಳು.

"ಏನಮ್ಮ ಹಂಗಂದ್ರೆ?" ಎಂದರು ಸಾಹೇಬರು.

"ಹೋದ ವರ್ಷ ಟ್ರೇ ಬೀಳಿಸಿದ್ರಲ್ಲ. ಮುಚ್ಚಳ ಎಲ್ಲಾ ಚೆಲ್ಲಾಪಿಲ್ಲಿ. ನಾನು ಜೋಡಿಸ್ತೀನಿ ಅಂದೆ. 'ಬಿಡಮ್ಮ, ಇದಕ್ಕೆಲ್ಲ ಓದಿರಬೇಕು' ಅಂತ ನೀವೇ ಕೂತ್ಕೊಂಡ್ರಿ."

ನಿರ್ದೇಶಕರು ಲೋಟವನ್ನು ಆಚೆ ಸರಿಸಿ ಎದ್ದುಹೋದರು. ಚಿಪ್ಪಮ್ಮ ನಾದಿನಿಯ ಡಬ್ಬಿ ತಡಕಾಡಿ, ಅದಲುಬದಲಾಗಿ ಅಲ್ಲಿ ಸೇರಿದ್ದ ಒಂದು ಉದ್ದನೆಯ ಮುಚ್ಚಳ ತಂದು ಶಂಖದ ಬಾಯಿಗಿಟ್ಟಳು. ಅಳತೆ ತೆಗೆದು ಹೊಲಿಸಿದಂತೆ ಕೂತಿತು. ಹೊಸ ಜಾತಿ ಎರಡೇ ನಿಮಿಷದಲ್ಲಿ, ಯಾರೋ ಎಂದೋ ಹೆಸರಿಟ್ಟು ಮರೆತ ಹಳೇ ಜಾತಿಯಾಯಿತು. ಸಾಹೇಬರು ಹದಿನಾಲ್ಕು ಪುಟವನ್ನು ಮಡಿಸಿ ಜೇಬಿಗೆ ತುರುಕಿದರು. ಜೇಬು ಹರಿಯಿತು.

"ಪ್ರಬಂಧ ಹಾಳಾಗಿ ಹೋಗ್ಲಿ ಚಿಪ್ಪಮ್ಮ, ಮನೇಲಿ ಏನಂತ ಹೇಳ್ಲಿ? ಅವಳು ಅಕ್ಕತಂಗೀರಿಗೆಲ್ಲ ಫೋನ್ ಮಾಡಿ ಆಗಿದೆ."

ಚಿಪ್ಪಮ್ಮ ಬ್ರಷ್ಷನ್ನು ಬಕೆಟ್ಟಿಗೆ ಅದ್ದಿದಳು.

"ಆ ಹುಳ ಏನು ತಿನ್ನುತ್ತೆ, ಹೆಂಗೆ ತಿನ್ನುತ್ತೆ ಅಂತ ಬಿಡಿಸಿ ಹೇಳಿ ಸಾರ್. ಹೆಸರು ವಾಪಸ್ ತಗೊಳ್ಳಿ ಅಂತ ಅವರೇ ಅಂದುಬಿಡ್ತಾರೆ."