ನಮ್ಮ ಹಳೇ ಲಾರಿಗೆ ಕಂಪ್ಯೂಟರ್ ಬಾಕ್ಸು

ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹಾಲು ಕಾಯಿಸಿದೆ. ಯಜಮಾನರ ಪೂಜೆಗೆ ಬಿಲ್ವಪತ್ರೆ ತೊಳೆದಿಟ್ಟೆ. ಎರಡು ಬಿಂದಿಗೆ ಕುಡಿಯುವ ನೀರು ಹಿಡಿದೆ. ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿದೆ. ಒಗೆದ ಬಟ್ಟೆ ಹರವಿ, ಹಾರಬಾರದೆಂದು ಕ್ಲಿಪ್ಪು ಹಾಕಿದೆ. ಲಾರಿಯ ಕ್ಯಾಬಿನ್ನು ಗುಡಿಸಿ, ಹರಿದ ಸೀಟಿನ ಮೇಲೆ ಹಳೇ ಟವಲು ಹಾಸಿದೆ. ಎಂಟೂಕಾಲಿಗೆ ಗುಬ್ಬಿಯ ಮನೆಗೆ ಬೀಗ ಹಾಕಿ ಅವರ ಪಕ್ಕ ಹತ್ತಿ ಕೂತೆ. ಕ್ಯಾತ್ಸಂದ್ರದ ವರ್ಕ್‌ಶಾಪಿಗೆ ಹೊರಟಿದ್ದೆವು, ಲಾರಿಗೆ ಕಂಪ್ಯೂಟರ್ ಬಾಕ್ಸು ಕೂರಿಸಬಹುದೇ ಎಂದು ಕೇಳಲು.

ನಮ್ಮದು ಆರು ಚಕ್ರದ ಹಳೇ ಲಾರಿ. ಕಂಪನಿಯಿಂದ ಬಂದಾಗ ಅದಕ್ಕೆ ಟರ್ಬೊ ಇರಲಿಲ್ಲ. ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಆ ಸಾಮಾನನ್ನು ಗುಜರಿಯಿಂದ ತಂದು ನನ್ನ ಯಜಮಾನರೇ ಕೂರಿಸಿದ್ದರು. ಅದಕ್ಕೆ ತಕ್ಕಂತೆ ಡೀಸೆಲ್ ಪಂಪನ್ನೂ ಹೊಂದಿಸಿದ್ದರು. ಅಮೃತೂರು ಕಡೆಯ ತೋಟಗಳಿಂದ ತೆಂಗಿನಕಾಯಿ ತುಂಬಿಕೊಂಡು ಏರು ಹತ್ತುವಾಗಲೂ ಗೇರು ಇಳಿಸಬೇಕಿಲ್ಲ ಎಂಬುದು ಅವರ ಹೆಮ್ಮೆ. ಅವರ ರಿಪೇರಿಯೆಲ್ಲ ಕಿವಿಯನ್ನು ನಂಬಿಯೇ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ ಪಂಪಿನ ಸ್ಕ್ರೂ ಒಂದಿಷ್ಟು ತಿರುಗಿಸಿದರೆ ಮುಗಿಯಿತು. ಬೇರೆ ಡ್ರೈವರುಗಳೂ ತಮ್ಮ ಗಾಡಿ ತಂದು, ಡಾಕ್ಟರಿಗೆ ತೋರಿಸುವ ಹಾಗೆ ಇವರಿಗೆ ತೋರಿಸಿಕೊಂಡು ಹೋಗುತ್ತಿದ್ದರು.

ಒಂದು ವರ್ಷದಿಂದ ಅವರದು ಒಂದೇ ಮಾತು. ಗಾಡಿ ಎಳೆಯುತ್ತಿಲ್ಲ, ಗಾಳಿ ತುಂಬುವಾಗ ಬರುವ ಟರ್ಬೊದ ಶಿಳ್ಳೆ ನಿಂತುಹೋಗಿದೆ. ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸಿದರು. ಕರೀ ಹೊಗೆ ಬರತೊಡಗಿತು. ಶಿಳ್ಳೆ ಬರಲಿಲ್ಲವೆಂದು ಮತ್ತೆ ತಿರುಗಿಸಿದರು. ಇಂಜಿನ್ನು ಕಾಯತೊಡಗಿತು. ಕಾಯಿ ಲೋಡು ಮಾಡುವ ಕಡೆ ಯಾರೋ, ಕ್ಯಾತ್ಸಂದ್ರದಲ್ಲಿ ಹಳೇ ಗಾಡಿಗೂ ಬಾಕ್ಸು ಕೂರಿಸುತ್ತಾರೆ, ಗಾಳಿ ಎಷ್ಟು ಬಿಸಿ ಎಷ್ಟು ಎಂದು ಅದೇ ನೋಡಿಕೊಂಡು ಡೀಸೆಲ್ ಬಿಡುತ್ತದೆ ಎಂದರಂತೆ.

ಆದರೆ ಟರ್ಬೊದ ಶಿಳ್ಳೆ ನಿಂತಿರಲಿಲ್ಲ. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದರೂ, ಲಾರಿ ನಮ್ಮ ಬೀದಿಗೆ ತಿರುಗುವ ಮೊದಲೇ ನನಗದು ಕೇಳಿಸುತ್ತಿತ್ತು. ನಿಂತುಹೋಗಿದ್ದು ಅವರ ಕಿವಿ. ಟಿವಿ ಸೌಂಡು ಏರಿಸುತ್ತಾ ಹೋದರು. ನಾನು ಒಂದೊಂದು ಮಾತನ್ನೂ ಎರಡು ಸಲ ಹೇಳುವುದು ಅಭ್ಯಾಸ ಮಾಡಿಕೊಂಡೆ. ಯಾರಾದರೂ ಬಂದು ಮಾತಾಡಿದರೆ, ಮಧ್ಯೆ ಬಾಯಿ ಹಾಕುವವಳಂತೆ ಅವರ ಮಾತನ್ನೇ ಇವರಿಗೆ ತಿರುಗಿ ಹೇಳುತ್ತಿದ್ದೆ.

ಒಮ್ಮೆ ತುಮಕೂರಿನಿಂದ ಬರುವಾಗ ಹಿಂದೆ ಬಸ್ಸಿನವನು ನಾಲ್ಕು ಸಲ ಹಾರನ್ ಮಾಡಿದ. ಇವರು ಜಾಗ ಬಿಡಲಿಲ್ಲ. ಅವನು ರೇಗಿ ನುಗ್ಗಿದ ಹೊತ್ತಿಗೇ ಇವರೂ ಬಲಕ್ಕೆ ಎಳೆದರು. ಎರಡು ಗಾಡಿಗಳ ನಡುವೆ ಒಂದು ಗೇಣು ಉಳಿಯಿತೋ ಇಲ್ಲವೋ. ಬಸ್ಸಿನವನು ಬೈದುಕೊಂಡು ಹೋದ ಮೇಲೆ ಇವರು, "ಹಾರನ್ನೇ ಹೊಡೀಲಿಲ್ಲ ಕಣೇ ಅವ್ನು" ಎಂದರು. ನಾನು "ಹೂಂ" ಎಂದೆ. ಎಷ್ಟೋ ಸುಳ್ಳು ಹೇಳಿದ್ದೇನೆ, ಆ ಒಂದು ಹೂಂ ಮಾತ್ರ ಇವತ್ತಿಗೂ ಗಂಟಲಲ್ಲೇ ಇದೆ. ಕಿವಿ ಹೋಗಿದೆ ಎಂದರೆ ಸ್ಟೇರಿಂಗು ಬಿಡಿ ಎಂದ ಹಾಗೆ. ಹದಿನೆಂಟನೇ ವಯಸ್ಸಿನಿಂದ ಅದನ್ನು ಹಿಡಿದವರಿಗೆ ಆ ಮಾತು ಹೇಳುವ ಬಾಯಿ ನನಗಿರಲಿಲ್ಲ. ಬಾಕ್ಸು ಬಂದರೆ ಅವರ ಬದಲು ಅದೇ ಕೇಳಿಸಿಕೊಳ್ಳುತ್ತದೆ, ಯಾರೂ ಏನೂ ಹೇಳಬೇಕಾಗುವುದಿಲ್ಲ ಎಂದುಕೊಂಡೆ. ಹಾಗಾಗಿ ಅವರಿಗಿಂತ ನಾನೇ ಹೆಚ್ಚು ಆತುರಪಟ್ಟೆ.

ವರ್ಕ್‌ಶಾಪಿನಾತ ನಿಧಾನಸ್ಥ. ಟರ್ಬೊದ ಪೈಪಿಗೆ ಒಂದು ಮೀಟರು ಜೋಡಿಸಿ, ನಮ್ಮ ಜೊತೆ ಕ್ಯಾಬಿನ್ನಿನಲ್ಲೇ ಕೂತು ಹೈವೇಯಲ್ಲಿ ಒಂದು ಸುತ್ತು ಹಾಕಿಸಿದ. ದಾರಿಯುದ್ದಕ್ಕೂ ಶಿಳ್ಳೆ ಕೇಳುತ್ತಲೇ ಇತ್ತು. ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತೆ. ವಾಪಸ್ ಬಂದು ಇಳಿದ ಮೇಲೆ ಆತ ಹೇಳಿದ:

"ಅಣ್ಣ, ಈ ಪಂಪು ಬಾಕ್ಸಿನ ಮಾತು ಕೇಳಲ್ಲ. ಬಾಕ್ಸು ಹಾಕ್ಬೇಕು ಅಂದ್ರೆ ಪಂಪು, ನಾಜಲ್ಲು, ವೈರಿಂಗು ಎಲ್ಲಾ ಚೇಂಜ್ ಮಾಡ್ಬೇಕು. ತೋಟದ ದಾರಿ, ಧೂಳು, ನೀರು. ಒಂದು ಸೆನ್ಸರ್ ಕೈಕೊಟ್ರೆ ಅಮೃತೂರಲ್ಲಿ ಯಾರು ನೋಡ್ತಾರೆ? ಈ ಗಾಡಿಗೆ ಬೇಡ."

ನಾನು ಅದನ್ನು ಅವರಿಗೆ ತಿರುಗಿ ಹೇಳಿದೆ.

"ಮತ್ತೆ ಟರ್ಬೊ ಸತ್ತೋಗಿದೆಯಲ್ಲಪ್ಪಾ. ಶಿಳ್ಳೆನೇ ಇಲ್ಲ."

ಆತ ಮೀಟರು ತೋರಿಸಿದ. ಟರ್ಬೊ ತುಂಬಬೇಕಾದಷ್ಟು ಗಾಳಿ ತುಂಬುತ್ತಿತ್ತು. ಡೀಸೆಲ್ಲೇ ಅತಿಯಾಗಿದ್ದದ್ದು. ಯಜಮಾನರು ಮೀಟರು ಕೆಟ್ಟಿರಬೇಕು ಎಂದರು. ಆತ ಅವರ ಮುಖ ನೋಡಿದ, ಆಮೇಲೆ ನನ್ನ ಕಡೆ ತಿರುಗಿದ.

"ಅಕ್ಕ, ನಿಮ್ಗೆ ಕೇಳಿಸ್ತಾ ಶಿಳ್ಳೆ?"

ಆತನ ತುಟಿ ನೋಡಿಯೇ ಮಾತು ಊಹಿಸಿಕೊಂಡು ಯಜಮಾನರು ನಕ್ಕರು. "ಅವಳನ್ನೇನು ಕೇಳ್ತೀಯಾ. ಕುಕ್ಕರ್ ಎಷ್ಟು ಸಲ ಕೂಗ್ತು ಅನ್ನೋದೇ ಗೊತ್ತಿರಲ್ಲ ಅವಳಿಗೆ."

ಅಲ್ಲಿದ್ದ ಕೆಲಸದವರೂ ನಕ್ಕರು. ನಾನು ಮೆಲ್ಲಗೆ ಏನೋ ಹೇಳಿದೆ. ಅವರು "ಏನು?" ಎಂದು ಬಗ್ಗಿದರು. ಅಷ್ಟು ಜನರ ಮಧ್ಯೆ ಅದನ್ನೂ ಕೂಗಿ ಹೇಳಬೇಕಾಯಿತು.

"ಕೇಳಿಸ್ತು ಕಣ್ರೀ. ದಿನಾ ಕೇಳಿಸ್ತದೆ ನಂಗೆ."

ಅವರು ಕ್ಯಾಬಿನ್ನಿನ ಬಾಗಿಲು ತೆಗೆದರು. ಸೀಟಿನ ಕೆಳಗಿಂದ ಸ್ಕ್ರೂಡ್ರೈವರ್ ತೆಗೆದು, ಇಂಜಿನ್ನಿಗೆ ಊರಿ, ಹಿಡಿಯನ್ನು ಬಲಗಿವಿಗೆ ಒತ್ತಿಕೊಂಡು ನಿಂತರು. ಆತ ಆಕ್ಸಿಲರೇಟರ್ ತುಳಿದ. ನಿಂತಲ್ಲೇ ಲಾರಿ ಕೂಗಿತು. ಅವರು ಹಿಡಿಯನ್ನು ಎಡಗಿವಿಗೆ ಬದಲಾಯಿಸಿಕೊಂಡರು. ಕಣ್ಣು ಮುಚ್ಚಿಯೇ ಇತ್ತು. ತೆರೆದಾಗ ನನ್ನನ್ನೇ ನೋಡಿದರು.

"ಎಷ್ಟು ದಿನದಿಂದ ಗೊತ್ತು ನಿಂಗೆ?"

"ಎರಡು ವರ್ಷ ಆಯ್ತು."

"ಆವತ್ತು ಬಸ್ಸು?"

"ನಾಕು ಸಲ ಹೊಡ್ದ."

ಅವರು ಸ್ಕ್ರೂಡ್ರೈವರನ್ನು ಪಂಚೆಯ ಅಂಚಿಗೆ ಒರೆಸಿದರು. "ಚೆನ್ನಾಗಿದ್ದ ಇಂಜಿನ್ನಿಗೆ ಒಂದು ವರ್ಷದಿಂದ ನಾನೇ ಕಾಯಿಲೆ ತರಿಸಿದ್ನಲ್ಲ" ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ವರ್ಕ್‌ಶಾಪಿನಾತ ಪಂಪಿನ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿದ. ಕರೀ ಹೊಗೆ ನಿಂತಿತು. ಕಿವಿ ಡಾಕ್ಟರಿಗೆ ತೋರಿಸೋಣ, ಮಿಷನ್ ಹಾಕುತ್ತಾರೆ ಎಂದು ನಾನು ಅವರ ಕಿವಿಯ ಹತ್ತಿರ ಹೇಳಿದೆ. ತೋರಿಸೋಣ ಎಂದು ತಲೆಯಾಡಿಸಿದರು. ಆಮೇಲೆ ಬೀಗದ ಕೈಯನ್ನು ವರ್ಕ್‌ಶಾಪಿನಾತನ ಕೈಗೆ ಕೊಟ್ಟು, ಗುಬ್ಬಿವರೆಗೆ ಯಾರನ್ನಾದರೂ ಓಡಿಸಲು ಕಳಿಸಪ್ಪಾ ಎಂದರು.

ಒಬ್ಬ ಡ್ರೈವರು ಬಂದ. ನಾನು ಮಧ್ಯೆ ಕೂತೆ, ಅವರು ಬಾಗಿಲ ಪಕ್ಕ. ಅವರ ಲಾರಿಯಲ್ಲಿ ಅವರು ಆ ಕಡೆ ಕೂತದ್ದನ್ನು ನಾನು ಎಂದೂ ನೋಡಿರಲಿಲ್ಲ. ಕೈ ಎಲ್ಲಿಡಬೇಕೆಂದು ಗೊತ್ತಾಗದೆ, ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿಕೊಂಡೇ ಇದ್ದರು. ಇಂಜಿನ್ನಿನ ನಡುಕ ಅಲ್ಲಿಗೂ ಬರುತ್ತದೆ. ಮಲ್ಲಸಂದ್ರ ದಾಟಿದ ಮೇಲೆ ಡ್ರೈವರು, "ಗಾಡಿ ಚೆನ್ನಾಗಿ ಎಳೀತದೆ ಯಜಮಾನ್ರೇ" ಎಂದ. ಅದನ್ನು ನಾನು ತಿರುಗಿ ಹೇಳಿದೆ. ಅವರು ಅಂಗೈ ತೆಗೆಯದೆಯೇ, "ಗೊತ್ತು" ಎಂದರು.

ಮನೆಗೆ ಬಂದ ಮೇಲೆ ಅಮೃತೂರಿನಲ್ಲಿರುವ ಅವರ ತಮ್ಮನಿಗೆ ಫೋನ್ ಮಾಡಲು ನನಗೆ ಹೇಳಿದರು. ನಾಳೆಯಿಂದ ಲೋಡು ಅವನೇ ಹೊಡೆಯಲಿ, ಏರಿನಲ್ಲಿ ಅವಸರ ಮಾಡಬಾರದು, ಸ್ಕ್ರೂ ಮುಟ್ಟಬಾರದು. ನಾನು ಒಂದೊಂದನ್ನೂ ಹೇಳಿದೆ. ಯಾಕೆ ಎಂದು ಮೈದುನ ಕೇಳಿದ. ಈ ಸಲ ಸುಳ್ಳು ಹೇಳಲಿಲ್ಲ.

ರಾತ್ರಿ ಊಟಕ್ಕೆ ಮುದ್ದೆ, ಹುರುಳಿಕಾಳಿನ ಬಸ್ಸಾರು, ಮಜ್ಜಿಗೆ. ಅವರು ಅರ್ಧ ಮುದ್ದೆ ಉಳಿಸಿದರು. ಒಂಬತ್ತಕ್ಕೆ ದೀಪ ಆರಿಸಿದೆ. ದಿನಾ ಅವರು ಮಲಗಿದ ಮೇಲೂ ಎಚ್ಚರವಿರುತ್ತಿದ್ದ ನಾನು ಆವತ್ತು ಅವರಿಗಿಂತ ಮೊದಲೇ ನಿದ್ದೆ ಹೋದೆನಂತೆ. ಬೆಳಿಗ್ಗೆ ಅವರೇ ಹೇಳಿದರು.