ಅನುಮಾನದ ಎಲೆ

ನಾನು ಹುಟ್ಟಾ ಅನುಮಾನದ ಮನುಷ್ಯ. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತೇನೆ, ಬಸ್‌ಸ್ಟ್ಯಾಂಡ್ ತನಕ ಹೋಗಿ ವಾಪಸ್ ಬಂದು ನಾಲ್ಕನೇ ಸಲವೂ ಎಳೆಯುತ್ತೇನೆ. ನ್ಯಾಮತಿಯಲ್ಲಿ, ಮನೆಯ ಮುಂಭಾಗದಲ್ಲೇ, ಮದುವೆ ಕಾರ್ಡು ಪ್ರಿಂಟ್ ಮಾಡುವ ಸಣ್ಣ ಪ್ರೆಸ್ಸು ನನ್ನದು. ಕಾರ್ಡಿನಲ್ಲಿ ತಪ್ಪು ಬಂದರೆ ಹೆಣ್ಣಿನ ಕಡೆಯವರೇ ಬೇಕೆಂದು ಹಾಗೆ ಬರೆದುಕೊಟ್ಟಿದ್ದಾರೆ ಅನ್ನಿಸುತ್ತದೆ. ಇಂಥವನ ಜೊತೆ ಯಾರು ಇರುತ್ತಾರೆ? ಸ್ನೇಹಿತರೆಲ್ಲ ಒಬ್ಬೊಬ್ಬರಾಗಿ ದೂರವಾಗಿ ಕೊನೆಗೆ ಉಳಿದವರು ಒಬ್ಬರೇ, ಹೊನ್ನಾಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಮೇಷ್ಟ್ರು.

ಮೇಷ್ಟ್ರು ಜಗಳೂರು ಕಡೆಯವರು. ಅವರ ಮದುವೆ ಕಾರ್ಡು ಮಾಡಿದ್ದು ನಾನೇ. ಬುದ್ಧನ ಚಿತ್ರ, ನಾಲ್ಕು ಸಾಲಿನ ಒಕ್ಕಣೆ, ಅಷ್ಟೇ. ಅವತ್ತು ಶುರುವಾದ ಪರಿಚಯ ಹತ್ತು ವರ್ಷವಾದರೂ ಮುರಿದಿರಲಿಲ್ಲ. ಅದು ಹೇಗೆ ಮುರಿಯಲಿಲ್ಲ ಎಂದು ನನಗೇ ಒಂದು ಅನುಮಾನ ಇತ್ತು.

ಹೋದ ವರ್ಷ ಒಂದು ದಿನ ಮೇಷ್ಟ್ರು ಹೊಸ ಹುಚ್ಚು ಹತ್ತಿಸಿಕೊಂಡು ಬಂದರು. ಅವರ ಶಾಲೆಯ ಮಕ್ಕಳು ಮೊಬೈಲಿನಲ್ಲಿ ಮಾಯಾಲೋಕದ ಕಾರ್ಡಿನಾಟ ಆಡುತ್ತಿದ್ದರಂತೆ. ಮಾಟಗಾತಿ, ಮಾತಾಡುವ ಕಪ್ಪೆ, ಕಲ್ಲಿನಿಂದ ಕತ್ತಿ ಕೀಳುವ ಹುಡುಗ.

"ಇವೆಲ್ಲ ಹಳೇ ಕಥೆನೇ ರೀ," ಅಂದರು. "ಆ ಕತ್ತಿ ಕಿತ್ತೋನು ಇಂಗ್ಲಿಷರ ನಾಡಿನ ರಾಜ ಆದ. ಮೇಲು ಕೀಳು ಇರಬಾರದು ಅಂತ ದುಂಡು ಮೇಜು ಮಾಡಿಸಿ ಸರದಾರರನ್ನ ಸುತ್ತ ಕೂರಿಸಿದ. ನಾವೂ ಕನ್ನಡದಾಗೆ ಒಂದು ಆಟ ಮಾಡಾಣ."

"ಕಲ್ಲಿನಾಗೆ ಆ ಕತ್ತಿ ಚುಚ್ಚಿದ್ದು ಯಾರು?" ಅಂದೆ. "ಚುಚ್ಚಿದೋನಿಗೆ ತೆಗಿಯಾಕೂ ಗೊತ್ತಿರ್ತೈತೆ. ಎಲ್ಲ ಮೊದಲೇ ಮಾತಾಡಿಕೊಂಡು ಮಾಡಿದ ನಾಟಕ."

ಮೇಷ್ಟ್ರು ನಕ್ಕು ಬ್ಯಾಗಿನಿಂದ ನೋಟ್‌ಬುಕ್ ತೆಗೆದರು. ರಾಜ, ರಾಣಿ, ಸರೋವರದೊಳಗಿಂದ ಕತ್ತಿ ಹಿಡಿದ ಕೈ ಎತ್ತುವ ಹೆಂಗಸು ಅವರ ಪಾಲಿಗೆ. ನನ್ನ ಪಾಲಿಗೆ ಅಜ್ಜಿ ಹೇಳುತ್ತಿದ್ದ ಕಥೆಯ ರಾಕ್ಷಸ. ಅವನ ಜೀವ ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತದೆ, ಗಿಳಿ ಸಿಗದೆ ಅವನು ಸಾಯುವುದಿಲ್ಲ. ಬರೆಯುತ್ತಾ ಹೋದಂತೆ ಆಟ ಮಾಡುವವರು ಈ ಕಥೆಗಳಿಗೆ ಯಾಕೆ ಮರುಳಾಗುತ್ತಾರೆಂದು ತಿಳಿಯಿತು. ಕಥೆಯ ತುಂಬ ಇರುವುದು ನಿಯಮಗಳೇ. ಆರು ಕೋಣೆ ತೆರೆ, ಏಳನೆಯದು ಬೇಡ. ಹಿಂದಿರುಗಿ ನೋಡಿದರೆ ಕಲ್ಲಾಗುತ್ತೀಯ. ಅದನ್ನೇ ಆಟದ ಎಲೆಗಳ ಮೇಲೆ ಅಚ್ಚು ಹಾಕಿದರೆ ಅರ್ಧ ಆಟ ಮುಗಿದ ಹಾಗೆ.

ಮೇಜಿನ ನಡುವೆ ಹನ್ನೆರಡು ಎಲೆಗಳನ್ನು ಬೋರಲು ಹಾಕಿ ದುಂಡಗೆ ಜೋಡಿಸಬೇಕು. ಅವು ಕಲ್ಲುಗಳು. ಒಂದರಲ್ಲಿ ಮಾತ್ರ ಕತ್ತಿ ಇರುತ್ತದೆ. ಕೈಯಲ್ಲಿರುವ ಎಲೆಗಳಿಂದ ರಾಕ್ಷಸನನ್ನು ಸೋಲಿಸಿದಾಗಲೆಲ್ಲ ಒಂದು ಕಲ್ಲು ಎತ್ತಬಹುದು. ಕತ್ತಿ ಸಿಕ್ಕವನು ಗೆದ್ದ. ಇದರ ಜೊತೆಗೆ ನಾನು ಅನುಮಾನದ ಎಲೆ ಎಂದು ಒಂದನ್ನು ಸೇರಿಸಿದೆ. ಅದನ್ನು ಇಳಿಸಿ, ಎದುರಿನವನು ಏನೋ ಮುಚ್ಚಿಟ್ಟಿದ್ದಾನೆಂದು ದೂರಬಹುದು. ನಿಜವಾದರೆ ಆಟ ನಿನ್ನದು.

"ಸುಳ್ಳಾದ್ರೆ ದೂರಿದೋನು ಕುರ್ಚಿ ಬಿಟ್ಟು ಎದ್ದು ಹೋಗ್ಬೇಕು," ಅಂದರು ಮೇಷ್ಟ್ರು. ಆ ದುಂಡು ಮೇಜಿನ ರಾಜನ ರಾಣಿಗೂ ಅವನ ಆಪ್ತ ಸರದಾರನಿಗೂ ಪ್ರೀತಿ ಇತ್ತಂತೆ. ರಾಜನಿಗೆ ಅದು ಗೊತ್ತಿತ್ತು, ಬಾಯಿ ಬಿಟ್ಟರೆ ಮೇಜು ಒಡೆಯುತ್ತದೆಂದು ಸುಮ್ಮನಿದ್ದ ಎಂದು ಅವರು ಹೇಳಿದರು.

"ಅಂಥ ರಾಜ ಇರಾಕೆ ಸಾಧ್ಯನೇ ಇಲ್ಲ ಬಿಡ್ರಿ," ಅಂದೆ.

ಚನ್ನಗಿರಿಯಲ್ಲಿ ನಡೆಯುವ ಶಿಕ್ಷಕರ ಶಿಬಿರದಲ್ಲಿ ಆಟವನ್ನು ತೋರಿಸಬೇಕೆಂದು ಮೇಷ್ಟ್ರಿಗೆ ಆಸೆ. ಮದುವೆ ಕಾರ್ಡಿನ ದಪ್ಪ ಹಾಳೆಯಲ್ಲೇ ಒಂದು ಕಟ್ಟು ಪ್ರಿಂಟ್ ಮಾಡಿದೆ. ಪ್ರತಿ ಭಾನುವಾರ ಬೆಳಿಗ್ಗೆ ಅವರು ಬೈಕಿನಲ್ಲಿ ಬರುತ್ತಿದ್ದರು, ಅವ್ವ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡುತ್ತಿದ್ದಳು. ಪ್ರೆಸ್ಸಿನ ಶಟರ್ ಅರ್ಧ ಇಳಿಸಿ ಆಡುತ್ತಿದ್ದೆವು. ಎದುರಿನ ಟೀ ಅಂಗಡಿಯವನು ಬಗ್ಗಿ ನೋಡಿ, ಇಸ್ಪೀಟು ನಡೆದಿದೆ ಎಂದು ಊರಿಗೆಲ್ಲ ಹೇಳಿದ್ದ.

ಎಂಟು ಭಾನುವಾರ ಆಡಿದ ಮೇಲೆ ನನ್ನ ತಲೆಯಲ್ಲಿ ಹುಳ ಕೊರೆಯತೊಡಗಿತು. ಮೇಷ್ಟ್ರಿಗೆ ಒಂದು ಸಲವೂ ಕತ್ತಿ ಸಿಕ್ಕಿರಲಿಲ್ಲ. ಕಣ್ಣು ಮುಚ್ಚಿ ಎತ್ತುವವನಿಗೂ ಅಷ್ಟರಲ್ಲಿ ಒಂದು ಸಲ ಸಿಗಬೇಕು. ಒಂಬತ್ತನೇ ಭಾನುವಾರ ಅವರ ಕೈಯನ್ನೇ ನೋಡುತ್ತಾ ಕೂತೆ. ಕೈ ಒಂದು ಎಲೆಯ ಹತ್ತಿರ ಹೋಗಿ, ತಡೆದು, ಪಕ್ಕದ್ದನ್ನು ಎತ್ತಿತು. ನನ್ನ ಸರದಿ ಬಂದಾಗ ಅವರು ಬಿಟ್ಟಿದ್ದನ್ನೇ ಎತ್ತಿದೆ. ಕತ್ತಿ! ಬೆಳಕಿಗೆ ಹಿಡಿದು ಬೆನ್ನು ನೋಡಿದರೆ ಮೂಲೆಗಳಲ್ಲಿ ತೆಳ್ಳಗೆ ಹಳದಿ ಗುರುತು.

ನನಗೆ ಮೈಯೆಲ್ಲ ಉರಿಯಿತು. "ಗುರುತು ಮಾಡಿಟ್ಟು, ನನ್ನ ಗೆಲ್ಲಿಸಿ, ಒಳಗೊಳಗೇ ನಗ್ತಾ ಇದ್ರೇನು? ನಾನೇನು ನಿಮ್ಮ ಶಾಲೆ ಹುಡುಗನೇನ್ರಿ?"

ಮೇಷ್ಟ್ರು ಕೈಯಲ್ಲಿದ್ದ ಎಲೆಗಳನ್ನು ಮೇಜಿನ ಮೇಲಿಟ್ಟರು. "ಗುರುತು ನೀವು ಮಾಡಿದ್ದು ಅನ್ಕೊಂಡಿದ್ದೆ. ಮೊದಲನೇ ಭಾನುವಾರನೇ ಕಂಡಿತ್ತು." ಅಷ್ಟು ಹೇಳಿ ಹೆಲ್ಮೆಟ್ ತೆಗೆದುಕೊಂಡು ಹೊರಟುಹೋದರು.

ಅದನ್ನೂ ನಾನು ನಂಬಲಿಲ್ಲ. ಕೂಗಾಟ ಕೇಳಿ ಬಂದ ಅವ್ವ, ಎಲೆಯನ್ನು ತಿರುಗಿಸಿ ನೋಡಿದಳು. "ಅರಿಶಿಣ ಕಣಪ್ಪ ಇದು. ಹೊಸದು ಏನು ಪ್ರಿಂಟಾದ್ರೂ ಮೇಲಿನ ಕಾರ್ಡಿನ ಮೂಲೆಗೆ ಎರಡೂ ಕಡೆ ಹಚ್ಚಿ ದೇವರ ಮುಂದೆ ಇಡಲ್ವೇನು? ಆಮೇಲೆ ಒರೆಸಿ ಕಟ್ಟಿಗೆ ಸೇರಿಸಿದ್ದೆ."

ಚೆನ್ನಾಗಿ ಬಂದಿದೆ ಎಂದು ಕತ್ತಿಯ ಎಲೆಯನ್ನು ಕಟ್ಟಿನ ಮೇಲಿಟ್ಟವನು ನಾನೇ. ಅರಿಶಿಣದ ಮೂಲೆಗಳನ್ನು ಹುಟ್ಟಿದಾಗಿನಿಂದ ನೋಡಿ ನೋಡಿ ಅವು ನನ್ನ ಕಣ್ಣಿಗೆ ಬೀಳುವುದನ್ನೇ ಬಿಟ್ಟಿದ್ದವು. ಎಲ್ಲರಲ್ಲೂ ಹುಳುಕು ಹುಡುಕುವ ಕಣ್ಣು ಇದು. ನಾಚಿಕೆಯಿಂದ ಊಟ ಸೇರಲಿಲ್ಲ.

ಮಧ್ಯಾಹ್ನವೇ ಆ ಎಲೆಯನ್ನು ಜೇಬಿನಲ್ಲಿಟ್ಟುಕೊಂಡು ಹೊನ್ನಾಳಿ ಬಸ್ ಹತ್ತಿದೆ. ಬಾಗಿಲು ತೆರೆದ ಮೇಷ್ಟ್ರಿಗೆ ಹೊಸಿಲಾಚೆ ನಿಂತೇ ಎಲ್ಲ ಹೇಳಿದೆ. ಅವರು ಎಲೆಯನ್ನು ಮೂಗಿನ ಹತ್ತಿರ ಹಿಡಿದರು.

"ಹೌದ್ರಿ, ಅರಿಶಿಣನೇ. ನಮ್ಮನೇಲಿ ಕಾರ್ಡಿಗೆ ಹಚ್ಚೋ ಪದ್ಧತಿ ಇಲ್ಲ ನೋಡ್ರಿ, ನನಗೆ ಹೊಳೀಲೇ ಇಲ್ಲ."

"ನಾನು ಮೋಸ ಮಾಡ್ತೀನಿ ಅನ್ಕೊಂಡೂ ಇಷ್ಟು ವಾರ ಯಾಕೆ ಬಂದ್ರಿ?"

ಅವರು ಎಲೆಯನ್ನು ವಾಪಸ್ ಕೊಟ್ಟರು. "ಕತ್ತಿ ಸಿಕ್ಕಾಗ ನಿಮ್ಮ ಮುಖ ನೋಡ್ಬೇಕಿತ್ತು ರೀ. ಆ ಒಂದು ಗಳಿಗೆ ನಿಮಗೆ ಯಾರ ಮೇಲೂ ಅನುಮಾನ ಇರ್ತಿರಲಿಲ್ಲ."

ಎಲೆಯನ್ನು ಜೇಬಿಗೆ ಹಾಕಿಕೊಂಡೆ. ನಮ್ಮದೇ ನಿಯಮದ ಪ್ರಕಾರ ಕುರ್ಚಿ ಬಿಟ್ಟು ಎದ್ದು ಹೋಗಬೇಕಾದವನು ನಾನು, ಹೊರಡಲು ತಿರುಗಿದೆ. ಒಳಗೆ ಕುರ್ಚಿ ಎಳೆದ ಸದ್ದಾಯಿತು.

"ಕೂತ್ಕೊಳ್ರಿ. ಉಳಿದ ಎಲೆ ತಂದೀರೇನು?"

ತಂದಿದ್ದು ಅದೊಂದೇ ಎಲೆ. ಆದರೂ ಒಳಗೆ ಹೋಗಿ ಕೂತೆ.