ಸೀಳದೆ ಬಿಟ್ಟ ಕಾಯಿ

ಮಲ್ಲಿಗಾ, ಅವತ್ತು ನಿನ್ನ ಕೈ ಒದ್ದೆಯಾಗಿರಲಿಲ್ಲ. ಒದ್ದೆಯಾಗಿತ್ತು ಎಂದು ಎಲ್ಲರ ಮುಂದೆ ಹೇಳಿದವಳು ನಾನು. ಅದು ಸುಳ್ಳು. ಎಣ್ಣೆ ಸಿಡಿದದ್ದು ನಾನು ಸೀಳದೆ ಬಿಟ್ಟ ಮೆಣಸಿನಕಾಯಿಯಿಂದ. ಇದು ನನಗೆ ಹನ್ನೊಂದು ವರ್ಷದ ಮೇಲೆ ಹೊಳೆದ ಸಂಗತಿಯಲ್ಲ — ಆ ಕ್ಷಣದಲ್ಲೇ ಗೊತ್ತಿತ್ತು. ಬಾಯಿ ತೆರೆಯುವ ಮೊದಲೇ ಗೊತ್ತಿತ್ತು.

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಎಲ್ಲವನ್ನೂ ಹತ್ತಿರದಿಂದ ನೋಡಿದವಳು ನಾನೊಬ್ಬಳೇ. ಬೇರೆ ಯಾರಾದರೂ ಓದಿದರೆ ಅವರಿಗೂ ತಿಳಿಯಲಿ ಎಂದು ನಿನಗೆ ಗೊತ್ತಿರುವ ಕೆಲವು ಮಾತುಗಳನ್ನೂ ಹೇಳಬೇಕಾಗಿದೆ.

ನೀನು ನನ್ನ ಮೈದುನ ರಮೇಶನ ಹೆಂಡತಿ. ಕೆಜಿಎಫ್‌ನ ಊರಿಗಾಂನಲ್ಲಿ, ಗಣಿ ಕೂಲಿಗಳ ಲೈನ್ ಮನೆಯೊಂದರಲ್ಲಿ ಹುಟ್ಟಿದವಳು. ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುವ ಮಾರಿಕುಪ್ಪಂ ರೈಲಿನಲ್ಲಿ ಅವನಿಗೆ ಪರಿಚಯವಾಗಿ, ಬಂಗಾರಪೇಟೆ ಹತ್ತಿರದ ನಮ್ಮ ಹಳ್ಳಿಗೆ ಸೊಸೆಯಾಗಿ ಬಂದೆ. ನಾನು ಆ ಮನೆಯ ಹಿರಿಸೊಸೆ. ಬಿ.ಎ. ಓದಿದವಳು, ಬಂಗಾರಪೇಟೆಯ ಒಂದು ಖಾಸಗಿ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುವವಳು. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಸೊಕ್ಕು ಮಾತ್ರ ಹೆಡ್‌ಮಾಸ್ಟರಿಗೂ ಇಲ್ಲದಷ್ಟು. ಮಕ್ಕಳಿಗೆ ಸಮಾನತೆಯ ಪಾಠ ಮಾಡಿ ಮನೆಗೆ ಬಂದು, ನಿನ್ನ ಮಾತಿನಲ್ಲಿ ತಮಿಳು ಇಣುಕಿದಾಗೆಲ್ಲ ಮೂಗು ಮುರಿಯುತ್ತಿದ್ದೆ. ನೀನು ಕುಡಿದಿಟ್ಟ ಲೋಟವನ್ನು ಎರಡು ಸಲ ತೊಳೆಯುತ್ತಿದ್ದೆ — ನೀನು ನೋಡಿರಲಿಲ್ಲ ಎಂದುಕೊಂಡಿದ್ದೆ. ನೋಡಿದ್ದೆ ಅಲ್ಲವೇ?

ಪ್ರತಿ ಶನಿವಾರ ಸಂಜೆ ನೀನು ಮೆಣಸಿನಕಾಯಿ ಬಜ್ಜಿ ಮಾಡಲು ಶುರುಮಾಡಿದ್ದು ರಮೇಶನ ಆಸೆಗೆ. ಉದ್ದನೆಯ ಬಜ್ಜಿ ಮೆಣಸಿನಕಾಯಿಯನ್ನು ಒಂದೇ ಬದಿಗೆ ಸೀಳಿ, ಬೀಜ ಕೆರೆದು, ಓಮ, ಉಪ್ಪು, ಹುಣಸೆಹಣ್ಣು ಅರೆದದ್ದನ್ನು ಒಳಗೆ ಸವರುತ್ತಿದ್ದೆ. ಕಡ್ಲೆಹಿಟ್ಟಿಗೆ ಎರಡು ಹಿಡಿ ಅಕ್ಕಿಹಿಟ್ಟು, ಮೇಲೆ ಒಂದು ಸೌಟು ಕಾದ ಎಣ್ಣೆ. ಅರೆಬೆಂದಾಗ ತೆಗೆದು, ಆರಲು ಬಿಟ್ಟು, ಎರಡನೇ ಸಲ ಕರಿಯುತ್ತಿದ್ದೆ. ಕೊನೆಗೆ ಒಲೆ ಆರಿಸುವ ಮೊದಲು ಒಂದು ಹಿಡಿ ಗಿಡ್ಡ ಹಸಿಮೆಣಸಿನಕಾಯಿಯನ್ನು ಹಿಟ್ಟಿಲ್ಲದೆ ಬರೀ ಎಣ್ಣೆಗೆ ಹಾಕಿ, ಮೈ ಬೆಳ್ಳಗಾದ ಕೂಡಲೇ ತೆಗೆದು, ಉಪ್ಪು ಉದುರಿಸಿ ಬಜ್ಜಿಯ ಪಕ್ಕ ಇಡುತ್ತಿದ್ದೆ.

"ಬಜ್ಜಿ ಯಾರ್ ಬೇಕಾದ್ರೂ ಮಾಡ್ತಾರಕ್ಕಾ. ಪಕ್ಕದಾಗೆ ಈ ಕಾಯಿ ಇಟ್ರೇನೇ ನಾಳೇನೂ ಬತ್ತಾರೆ," ಎನ್ನುತ್ತಿದ್ದೆ.

ಬಂದರು. ಬೀದಿಯವರು ಪಾತ್ರೆ ಹಿಡಿದು ಬಂದರು. ಒಂದು ದಿನ ನಾನೂ ಡಬ್ಬಿಗೆ ಹಾಕಿಕೊಂಡು ಶಾಲೆಗೆ ಒಯ್ದೆ, ಸಹೋದ್ಯೋಗಿಗಳೊಂದಿಗೆ ನಗುವುದಕ್ಕೆ. "ನಮ್ಮನೆ ಈಗ ಬಜ್ಜಿ ಅಂಗಡಿ, ಲೈನ್ ಮನೆ ಸೊಸೆ ಬಂದಿದ್ದಾಳಲ್ಲ," ಎಂದೆ. ಅವರು ನಗಲಿಲ್ಲ. ತಿಂದರು. ಬೆರಳು ಚೀಪಿ, ನಾಳೆಯೂ ತನ್ನಿ ಎಂದರು. ಹತ್ತು ವರ್ಷದ ನನ್ನ ಪಾಠವನ್ನು ಯಾರೂ ಹಾಗೆ ಹೊಗಳಿರಲಿಲ್ಲ... ಇಂಥ ಮಾತಿಗೂ ಹೊಟ್ಟೆ ಉರಿಯುತ್ತದೆಯೇ ಎಂದು ಕೇಳಬಹುದು. ನನ್ನ ಹೊಟ್ಟೆ ಅಷ್ಟು ಸಣ್ಣದು.

ಬಂಗಾರಪೇಟೆ ಸ್ಟೇಷನ್ ಎದುರು ಟೀ ಅಂಗಡಿ ಇಟ್ಟಿದ್ದ ನಾರಾಯಣಪ್ಪನವರು ನಮ್ಮ ಮಾವನ ಕಾಲದಿಂದ ಗೊತ್ತು. ಅವರ ಕಿವಿಗೂ ಸುದ್ದಿ ಬಿತ್ತು. ಸಂಜೆ ರೈಲಿಳಿಯುವ ಜನಕ್ಕೆ ಟೀ ಪಕ್ಕದಲ್ಲೇ ಬಜ್ಜಿ ಇರಲಿ, ಅಂಗಡಿ ಮುಂದಿನ ಜಾಗ ಬಿಟ್ಟುಕೊಡುತ್ತೇನೆ, ಆದರೆ ಆಕೆ ಕರಿಯುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂದರು. ಒಂದು ಭಾನುವಾರ ಮಧ್ಯಾಹ್ನ ಬಂದರು. ಗಾರ್ಮೆಂಟ್ಸ್ ಬಿಟ್ಟು ಸ್ವಂತದ್ದೊಂದು ಒಲೆ — ಆ ಎರಡು ವಾರ ನಿನ್ನ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ.

ಹಿತ್ತಿಲ ಜಗಲಿಯಲ್ಲಿ ಗ್ಯಾಸ್ ಒಲೆಯನ್ನು ನೆಲದ ಮೇಲೆಯೇ ಇಟ್ಟು, ನೀನು ಮಣೆ ಹಾಕಿಕೊಂಡು ಕೂತಿದ್ದೆ. ಮುಖ ಬಾಣಲೆಗೆ ಹತ್ತಿರವಿತ್ತು. ನಾನು ನಿನ್ನ ಹಿಂದೆ, ಬಾಗಿಲ ಹತ್ತಿರ. ಗಿಡ್ಡ ಕಾಯಿಗಳ ಬಟ್ಟಲನ್ನೂ ಚಾಕುವನ್ನೂ ನೀನೇ ನನ್ನ ಕೈಗೆ ಕೊಟ್ಟೆ.

"ಒಂದೊಂದ್ಕೂ ಒಂದ್ ಗೀರ್ ಆಕಿದ್ರೆ ಸಾಕಕ್ಕಾ. ಒಂದೂ ಬಿಡ್ಬೇಡ. ಗೀರಿಲ್ದಿದ್ ಕಾಯಿ ಎಣ್ಣೇಗ್ ಬಿದ್ರೆ ವೆಡಿ ಅದು, ವೆಡಿ!"

ವೆಡಿ ಎಂದರೆ ಪಟಾಕಿ. ಅಷ್ಟು ತಮಿಳು ನನಗೂ ಬರುತ್ತಿತ್ತು. ನೀನು ಎರಡು ಸಲ ಹೇಳಿದೆ.

ಹದಿನೇಳು ಸೀಳಿದೆ. ಲೆಕ್ಕ ನೆನಪಿದೆ, ಯಾಕೆಂದರೆ ಒಂದೊಂದಕ್ಕೂ ನಿನ್ನನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ. ಬೆರಳ ತುದಿ ಉರಿಯುತ್ತಿತ್ತು. ಅಷ್ಟರಲ್ಲಿ ಜಗಲಿಯ ಆ ತುದಿಯಲ್ಲಿ ಅತ್ತೆ, ರಮೇಶನ ಜೊತೆ ಕೂತಿದ್ದ ನಾರಾಯಣಪ್ಪನವರ ದನಿ ಕೇಳಿಸಿತು.

"ಏನ್ ಲಕ್ಷ್ಮಮ್ಮಾ, ಗಣಿ ಮುಚ್ಚೋದ್ರೂ ಕೆಜಿಎಫ್ ಚಿನ್ನ ನಿಮ್ಮನೇಗೇ ಬಂದೈತಲ್ಲ!"

"ಚಿನ್ನ ಎಲ್ಲೈತಣ್ಣ, ಬರೀ ಖಾರ," ಎಂದರು ಅತ್ತೆ. ನಗುತ್ತಲೇ ಎಂದರು. ಹೆಮ್ಮೆ ಅದರಲ್ಲಿ ಎದ್ದು ಕಾಣುತ್ತಿತ್ತು.

"ಟೀಚರಮ್ಮ ಏನ್ ಮಾಡ್ತಾವ್ರೆ ಅಲ್ಲಿ?"

"ಕಾಯಿ ಸೀಳೋಕ್ ಕುಂಡ್ರಿಸವ್ಳೆ ನಮ್ ಚಿಕ್ಕ ಸೊಸೆ. ಬಿಎ ಓದಿರೋಳ್ನ!"

ಎಲ್ಲರೂ ನಕ್ಕರು. ನೀನೂ ನಕ್ಕೆ — ಕೆಟ್ಟ ನಗುವಲ್ಲ, ಕೆಲಸದ ನಡುವಿನ ನಗು. ನಾನು ಚಾಕು ಕೆಳಗಿಟ್ಟೆ. ಬಟ್ಟಲಲ್ಲಿ ಇನ್ನೂ ಅರ್ಧ ಉಳಿದಿತ್ತು. ಸೀಳಿದ್ದು ಮೇಲೆ, ಸೀಳದ್ದು ಕೆಳಗೆ. ಆಮೇಲೆ ನಾನು ಮಾಡಿದ್ದು ಇದು: ಕೈ ಹಾಕಿ ಎರಡನ್ನೂ ಬೆರೆಸಿದೆ. ಮರೆವಿನಿಂದ ಆದದ್ದಲ್ಲ. ಮರೆತವಳು ಬೆರೆಸುವುದಿಲ್ಲ.

"ಎಲ್ಲಾ ಆಯ್ತಾ ಅಕ್ಕಾ?" ಎಂದೆ ನೀನು, ಹಿಂದೆ ತಿರುಗದೆ ಕೈ ಚಾಚಿ.

"ಆಯ್ತು."

ಬಟ್ಟಲನ್ನು ನಿನ್ನ ಕೈಗೆ ಇಟ್ಟೆ.

ಏನಾಗಲಿ ಎಂದುಕೊಂಡಿದ್ದೆ? ಇದನ್ನು ನನಗೆ ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಒಂದೆರಡು ಪಟ್ ಎನ್ನಲಿ, ನಾರಾಯಣಪ್ಪ ಬೆಚ್ಚಿ ಹಿಂದೆ ಸರಿಯಲಿ, ನೀನು ಪೆಚ್ಚಾಗಬೇಕು — ಅಷ್ಟೇ ಎಂದುಕೊಂಡಿದ್ದೆ. ಆ 'ಅಷ್ಟೇ' ಎಂಬ ಮಾತನ್ನು ಬರೆಯುವಾಗಲೇ ಹೇಸಿಗೆಯಾಗುತ್ತದೆ. ಕಾದ ಎಣ್ಣೆಯ ಮುಂದೆ ಕೂತವಳಿಗೆ ಎಷ್ಟು ಸಿಡಿಯಬೇಕು ಎಂದು ಅಳೆದು ಕೊಡುವವಳಂತೆ.

ಈಗ ನಿನ್ನ ಕೈಯ ವಿಷಯ. ಹಿಟ್ಟಿನ ಕೆಲಸ ಮುಗಿದ ಮೇಲೆ ನೀನು ಕೈ ತೊಳೆದೆ. ಸೊಂಟಕ್ಕೆ ಸಿಕ್ಕಿಸಿದ್ದ ಹಳೇ ಲುಂಗಿಯ ತುಂಡಿಗೆ ಒರೆಸಿದೆ, ಬೆರಳ ಸಂದುಗಳನ್ನೂ ಬಿಡಲಿಲ್ಲ. ಆಮೇಲೆ ಯಾವತ್ತಿನ ಹಾಗೆ ಒಣ ಅಕ್ಕಿಹಿಟ್ಟಿಗೆ ಬೆರಳು ಅದ್ದಿ ಅಂಗೈಯೆಲ್ಲ ಉಜ್ಜಿಕೊಂಡೆ. ಎಲ್ಲೋ ಒಂದು ಹನಿ ಉಳಿದಿದ್ದರೂ ಹಿಟ್ಟು ಕುಡಿಯಲಿ ಎಂದು ನಿಮ್ಮಮ್ಮ ಕಲಿಸಿದ ಪದ್ಧತಿ. ನಾನು ನೋಡಿದೆ. ಆ ಕೈಯಿಂದಲೇ ನೀನು ಒಂದು ಹಿಡಿ ಕಾಯಿ ತೆಗೆದು ಎಣ್ಣೆಯ ಅಂಚಿನಿಂದ ಮೆಲ್ಲಗೆ ಜಾರಿಸಿದೆ.

ಮೊದಲು ಒಂದು ಸಣ್ಣ ಸದ್ದು. ಆಮೇಲೆ ದೊಡ್ಡದು. ನೀನು "ಕಣ್ಣು... ಅಕ್ಕಾ, ಕಣ್ಣು" ಎಂದೆ. ಅಮ್ಮಾ ಎನ್ನಲಿಲ್ಲ, ಅಕ್ಕಾ ಎಂದೆ. ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡಿದ್ದೆ. ಅತ್ತೆ ಓಡಿ ಬಂದು ಕೈ ಬಿಡಿಸಿದಾಗ ನಿನ್ನ ಬಲಗೆನ್ನೆಗೆ ಅಕ್ಕಿಹಿಟ್ಟು ಒಣ ಪುಡಿಯಾಗಿಯೇ ಅಂಟಿತ್ತು, ಬಿಳಿಯ ಬೆರಳಚ್ಚುಗಳಾಗಿ. ಒದ್ದೆ ಕೈಯ ಗುರುತು ಹಾಗಿರುವುದಿಲ್ಲ. ಅಲ್ಲಿದ್ದ ನಾಲ್ಕು ಜನರ ಕಣ್ಣೆದುರಿಗೇ ಇತ್ತು. ನನ್ನ ಹೊರತು ಯಾರೂ ಗಮನಿಸಲಿಲ್ಲ.

"ಏನಾಯ್ತೇ? ಎಂಗಾಯ್ತೇ ಇದು?" ಎಂದರು ಅತ್ತೆ, ನನ್ನ ಕಡೆ ತಿರುಗಿ.

"ಕೈ ಒದ್ದೆ ಇತ್ತು. ಅದೇ ಕೈಲಿ ಹಾಕಿದಳು. ನಾನು ನೋಡಿದೆ."

ಯಾರೂ ನನ್ನನ್ನು ಅನುಮಾನಿಸಿರಲಿಲ್ಲ. ಸುಮ್ಮನೆ ನಿಂತಿದ್ದರೂ ಸಾಕಿತ್ತು. ಆದರೂ ಹೇಳಿದೆ.

ರಮೇಶ ನಿನ್ನನ್ನು ಆಟೋದಲ್ಲಿ ಕರೆದುಕೊಂಡು ಹೋದ. ನಾರಾಯಣಪ್ಪನವರು ಚಪ್ಪಲಿ ಮೆಟ್ಟುತ್ತಾ ಅತ್ತೆಗೆ, "ಪಾಪ, ಒಳ್ಳೆ ಉಡ್ಗಿ. ಆದ್ರೆ ಜನ ತಿರುಗಾಡೋ ಜಾಗ ನೋಡಮ್ಮಾ ಅದು. ಒದ್ದೆ ಕೈಲಿ ಎಣ್ಣೆ ಮುಂದೆ ಕೂರೋರ್ನ ಎಂಗ್ ಕುಂಡ್ರಿಸ್ಲಿ?" ಎಂದರು. ಅವರ ತಪ್ಪಿಲ್ಲ. ನಾನು ಹೇಳಿದ್ದನ್ನು ನಂಬಿದರು.

ಎಲ್ಲರೂ ಅತ್ತ ಹೋದ ಮೇಲೆ ನಾನು ಬಾಣಲೆಯಿಂದ ಕಾಯಿಗಳನ್ನು ಜಾಲರಿ ಸೌಟಿನಲ್ಲಿ ತೆಗೆದೆ. ಎರಡರ ಹೊಟ್ಟೆ ಒಡೆದು ಒಳಗಿನದು ಹೊರಗೆ ಬಂದಿತ್ತು, ಅವಕ್ಕೆ ಚಾಕುವಿನ ಗೀರು ಇರಲಿಲ್ಲ. ಬಟ್ಟಲಲ್ಲಿ ಸೀಳದವು ಇನ್ನೂ ಹನ್ನೊಂದು ಇದ್ದವು. ಎಲ್ಲವನ್ನೂ ತಿಪ್ಪೆಗೆ ಹಾಕಿ, ಕಾಲಿನಿಂದ ಸಗಣಿ ಎಳೆದು ಮುಚ್ಚಿದೆ. ಆಮೇಲೆ ಬಂದು ಕೈ ತೊಳೆದೆ.

ಅತ್ತೆ ದೃಷ್ಟಿ ತೆಗೆಯುತ್ತೇನೆಂದರು. ಒಣಮೆಣಸಿನಕಾಯಿ ತಂದು ಕೊಟ್ಟವಳೂ ನಾನೇ. ನೀನಿಲ್ಲದ್ದಕ್ಕೆ ನೀನು ಕೂತಿದ್ದ ಮಣೆಗೇ ನೀವಾಳಿಸಿ ಕೆಂಡಕ್ಕೆ ಹಾಕಿದರು. ಘಾಟು ಬರದಿದ್ದರೆ ದೃಷ್ಟಿ ತಗುಲಿತ್ತು ಎಂದು ಅರ್ಥ. "ನೋಡು, ಒಂದ್ಚೂರೂ ಘಾಟಿಲ್ಲ. ಎಂಥಾ ಪಾಪಿ ಕಣ್ಣೋ," ಎಂದರು. ನನಗೆ ಕೆಮ್ಮು ಒತ್ತರಿಸಿ ಬಂತು. ಕೊಟ್ಟಿಗೆಯ ಹಿಂದೆ ಹೋಗಿ ಕೆಮ್ಮಿ ಬಂದೆ.

ಕೋಲಾರದ ಆಸ್ಪತ್ರೆಯಿಂದ ನೀನು ನಾಲ್ಕನೇ ದಿನ ಬಂದೆ. ಎಡಗಣ್ಣಿನ ರೆಪ್ಪೆ ಮೇಲಕ್ಕೆ ಎಳೆದುಕೊಂಡಿತ್ತು. ಆ ಕಣ್ಣಿಗೆ ಇವತ್ತಿಗೂ ಮನುಷ್ಯರು ಮಂಜಿನೊಳಗಿನ ಆಕಾರ. ನನ್ನನ್ನು ಹತ್ತಿರ ಕೂರಿಸಿಕೊಂಡು ಕೇಳಿದೆ — "ಅಕ್ಕಾ, ನಂಗೆ ಒರೆಸ್ಕೊಂಡಂಗೇ ಗ್ಯಾಪ್ಕ. ಹಿಟ್ಟೂ ಹಚ್ಕೊಂಡೆ ಅನ್ಸುತ್ತೆ. ಆದ್ರೆ ನೀನೇ ನೋಡ್ದೆ ಅಂದ್ಮೇಲೆ... ಒದ್ದೇನೇ ಇತ್ತೇನೋ, ಅಲ್ವಾ?"

ಅದು ನೀನು ನನಗೆ ತೆರೆದುಕೊಟ್ಟ ಬಾಗಿಲು. ನಾನು ನಿನ್ನ ತಲೆ ಸವರಿ, "ಹೋಗಲಿ ಬಿಡು, ಆಗಿದ್ದು ಆಯ್ತು," ಎಂದೆ. ಕ್ಷಮಿಸುವವಳ ದನಿಯಲ್ಲಿ! ನನ್ನ ಜನ್ಮದಲ್ಲಿ ನಾನು ಆಡಿದ ಅತ್ಯಂತ ನೀಚ ಮಾತು ಇದು. ಮೊದಲ ಸುಳ್ಳಿಗಿಂತಲೂ.

ಅಂದಿನಿಂದ ನೀನು ನಿನ್ನ ಕೈಯನ್ನು ನಂಬಲಿಲ್ಲ, ನನ್ನನ್ನು ನಂಬಿದೆ. ಒಂದು ಲೋಟ ಎತ್ತುವ ಮೊದಲೂ ಸೆರಗಿಗೆ ಮೂರು ಸಲ ಕೈ ಒರೆಸುತ್ತೀಯ. ಬಾಣಲೆ ಒಲೆಗೇರಿದರೆ ಎದ್ದು ಆಚೆ ಹೋಗುತ್ತೀಯ. ಹಬ್ಬಕ್ಕೆ ಕರಿಯುವುದೆಲ್ಲ ನನ್ನ ಪಾಲಿಗೆ ಬಂತು. ನಿನ್ನ ಬಜ್ಜಿಯನ್ನೇ ಮಾಡಿ ನಿನ್ನ ತಟ್ಟೆಗೇ ಬಡಿಸಿದ್ದೇನೆ. ಚೆನ್ನಾಗೈತಕ್ಕಾ ಎಂದು ನೀನು ತಿಂದಿದ್ದೀಯ.

ಹೋದ ತಿಂಗಳು ನಿನ್ನ ತಮ್ಮ ಕುಮಾರ ಬಂದ. ಊರಿಗಾಂನಲ್ಲಿ ಮನೆ ಮುಂದೆ ತಳ್ಳುಗಾಡಿ ಇಡುತ್ತಿದ್ದಾನಂತೆ, ಸಂಜೆ ರೈಲಿಗೆ ಬರುವವರಿಗೆ. ನೀನು ಕರಿಯಲು ಬರಬೇಕು, ಅಮ್ಮನ ಕೈರುಚಿ ನಿನಗೆ ಮಾತ್ರ ಬಂದಿದೆ ಎಂದ. ನೀನು ತಲೆ ಅಲ್ಲಾಡಿಸಿದೆ. "ನನ್ ಕೈ ನಂಬ್ಕೊಂಡು ಯಾವ್ದೂ ಮಾಡ್ಬೇಡ ಕಣೋ." ಅವನು ಬೇಡಿಕೊಂಡ. ನೀನು ಒಪ್ಪದಿದ್ದರೆ ನಾಳೆ, ಭಾನುವಾರ, ಬೇರೆ ಯಾರನ್ನಾದರೂ ಗೊತ್ತುಮಾಡುತ್ತಾನೆ. ನಿನ್ನ ಆಸೆ ಸತ್ತಿಲ್ಲ ಎಂದು ನನಗೆ ಅವತ್ತು ತಿಳಿಯಿತು — ಅವನು ಹೋದ ಮೇಲೆ ನೀನು ಬಹಳ ಹೊತ್ತು ಅಂಗೈ ನೋಡಿಕೊಂಡು ಕೂತಿದ್ದೆ.

ಅತ್ತೆಗೆ ನಿಜ ಹೇಳಿದೆ. "ಈಗ್ಯಾಕ್ ಕೆದಕ್ತೀಯಲೇ ಅದನ್ನ? ಕಣ್ ವಾಪಸ್ ಬತ್ತದಾ? ಮನೆ ಮಾತು ಮನೇಲಿರ್ಲಿ," ಎಂದರು. ನನ್ನವರೂ ಅದನ್ನೇ ಇನ್ನೂ ಮೆತ್ತಗೆ ಹೇಳಿದರು. ನನಗೆ ಒಂದು ಕ್ಷಣ ಸಮಾಧಾನವಾಯಿತು. ಹಿರಿಯರೇ ಬೇಡವೆಂದರು ಎಂದು... ಆ ಸಮಾಧಾನವನ್ನು ಕಂಡು ನನ್ನ ಮುಖಕ್ಕೆ ನಾನೇ ಉಗುಳಬೇಕೆನಿಸಿತು.

ಅದಕ್ಕೇ ಬರೆಯಲು ಕೂತೆ. ಬರೆಯುತ್ತಾ ಇನ್ನೊಂದು ಗೊತ್ತಾಯಿತು. ನೀನು ಎಂಟನೆಯವರೆಗೆ ಓದಿದ್ದು ತಮಿಳು ಶಾಲೆಯಲ್ಲಿ. ಕನ್ನಡ ಮಾತಾಡುತ್ತೀಯ, ಓದಲು ಬರುವುದಿಲ್ಲ. ಮದುವೆಯಾದ ಹೊಸತರಲ್ಲಿ "ಅಕ್ಷರ ಕಲಿಸ್ಕೊಡಕ್ಕಾ" ಎಂದು ಸ್ಲೇಟು ತಂದಿದ್ದೆ. ನೋಡೋಣ ಎಂದಿದ್ದೆ ನಾನು, ನೋಡಲೇ ಇಲ್ಲ. ಈಗ ಇಷ್ಟುದ್ದ ತಪ್ಪೊಪ್ಪಿಗೆಯನ್ನು ನಿನಗೆ ಓದಲಾಗದ ಅಕ್ಷರದಲ್ಲಿ, ಅಚ್ಚುಕಟ್ಟಾಗಿ, ಅಂಕು ಡೊಂಕಿಲ್ಲದೆ ಬರೆದಿದ್ದೇನೆ. ಬರೆದು ಮಡಚಿಟ್ಟರೆ ಹೇಳಿದಂತೆಯೂ ಆಯಿತು, ಹೇಳದಂತೆಯೂ ಆಯಿತು. ಇಲ್ಲಿಯೂ ನನ್ನ ಬುದ್ಧಿ ಬಿಟ್ಟಿಲ್ಲ, ನೋಡು.

ನೀನು ಗಾಡಿಯನ್ನಾದರೂ ನೋಡಿ ಬರುತ್ತೇನೆಂದು ನಿನ್ನೆಯೇ ತಮ್ಮನ ಮನೆಗೆ ಹೋಗಿದ್ದೀಯ. ನಾಳೆ ಬೆಳಗಿನ ಮೊದಲ ರೈಲಿಗೆ ನಾನು ಊರಿಗಾಂಗೆ ಬರುತ್ತೇನೆ. ರಮೇಶನಿಗೆ ಜೊತೆಗೆ ಬಾ ಎಂದಿದ್ದೇನೆ, ಯಾಕೆಂದು ಹೇಳಿಲ್ಲ. ಕುಮಾರನ ಎದುರಿಗೆ, ಲೈನಿನ ಅಕ್ಕಪಕ್ಕದವರು ಇದ್ದರೆ ಅವರ ಎದುರಿಗೂ, ಈ ಹಾಳೆಗಳನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತೇನೆ. ಲೋಟ ತೊಳೆದದ್ದನ್ನೂ, ತಲೆ ಸವರಿದ್ದನ್ನೂ ಬಿಡದೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅದೂ ನಿನ್ನ ತಲೆಯ ಮೇಲೆ ಹೊರಿಸುವ ಇನ್ನೊಂದು ಕೆಲಸವಾಗುತ್ತದೆ. ನೀನು ಬೈದರೆ ನಿಂತು ಕೇಳುತ್ತೇನೆ. ಹೋಗು ಎಂದರೆ ಹೋಗುತ್ತೇನೆ. ರಮೇಶ ಏನು ಮಾಡುತ್ತಾನೋ ಗೊತ್ತಿಲ್ಲ.

ಕುಮಾರ ಬೇರೆಯವರ ಮನೆ ಬಾಗಿಲು ತಟ್ಟುವ ಮೊದಲು ನಾನು ಅಲ್ಲಿರಬೇಕು.